ತೂಕದ ದಿನ, ದುಡ್ಡಿನ ದಿನ: ಮಂಡ್ಯದಿಂದ ಕಂಡ ಆರ್ಥಿಕ ಸುಧಾರಣೆ

ಮಂಡ್ಯದಲ್ಲಿ ಕಾಲೇಜು ವಿದ್ಯಾರ್ಥಿಗಳು ಮತ್ತು ಸುತ್ತಲಿನ ಊರುಗಳ ರೈತರ ಮುಂದೆ ಆಡಿದ ಮಾತಿನ ಬರಹ ರೂಪ.

ಅಪ್ಪ ತೀರಿಕೊಂಡ ಮೇಲೆ ಅವರ ಟ್ರಂಕು ತೆಗೆದು ನೋಡಿದೆ. ಪಹಣಿ, ಕಂದಾಯದ ರಸೀದಿ, ಸೊಸೈಟಿ ಸಾಲದ ಚೀಟಿ. ಎಲ್ಲದರ ಅಡಿಯಲ್ಲಿ ಸೆಣಬಿನ ದಾರ ಕಟ್ಟಿದ ಒಂದು ಕಂತೆ. ಕಬ್ಬಿನ ಬಿಲ್ಲುಗಳು, ಹತ್ತಿರ ಹತ್ತಿರ ಮೂವತ್ತು ವರ್ಷದ್ದು. ನಮ್ಮಪ್ಪ ಲೆಕ್ಕ ಬರೆಯುತ್ತಿರಲಿಲ್ಲ, ಆದರೆ ಕಾಗದ ಬಿಸಾಡುತ್ತಲೂ ಇರಲಿಲ್ಲ. ಪ್ರತಿ ಬಿಲ್ಲಿನ ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಒಂದು ತಾರೀಕು ಬರೆದಿದ್ದರು. ನನಗೆ ಏನೆಂದು ಹೊಳೆಯಲಿಲ್ಲ. ಅಮ್ಮ ನೋಡಿ, "ಅದು ದುಡ್ಡು ಕೈಗೆ ಬಂದ ದಿನ ಕಣಪ್ಪ" ಅಂದರು.

ಮುಂಬದಿಯಲ್ಲಿ ತೂಕದ ದಿನ. ಹಿಂಬದಿಯಲ್ಲಿ ದುಡ್ಡಿನ ದಿನ. ನಾನು ಮೂವತ್ತು ವರ್ಷ ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡಿದವನು. ಆ ಪೆನ್ಸಿಲ್ ತಾರೀಕು ಹೇಳಿಕೊಟ್ಟಷ್ಟನ್ನು ನಾನು ಹುಡುಗರಿಗೆ ಹೇಳಿಕೊಟ್ಟಿದ್ದೇನಾ ಎಂಬ ಅನುಮಾನ ಈಗಲೂ ಇದೆ.

ಮುಂದೆ ಕೂತಿರುವ ಹುಡುಗ ಹುಡುಗಿಯರಿಗೆ 1991ರ ಆರ್ಥಿಕ ಸುಧಾರಣೆ ಅಂದರೆ ಐದು ಅಂಕದ ಪ್ರಶ್ನೆ. ಉದಾರೀಕರಣ, ಖಾಸಗೀಕರಣ, ಜಾಗತೀಕರಣ ಎಂದು ಬರೆದು, ಒಂದೊಂದರ ಕೆಳಗೆ ನಾಲ್ಕು ಸಾಲು ತುಂಬಿಸಿದರೆ ಮುಗಿಯಿತು. ಈ ಹೊತ್ತು ಆ ಮೂರೂ ಪದ ಬಿಟ್ಟುಬಿಡಿ. ಎರಡೇ ಪ್ರಶ್ನೆ ಕೇಳೋಣ. ಬೆಲೆ ಹೇಳುವವರು ಯಾರು? ಹೇಳಿದ ಬೆಲೆ ತಪ್ಪಾದಾಗ ಕೈ ಸುಟ್ಟುಕೊಳ್ಳುವವರು ಯಾರು?

ನಮ್ಮಪ್ಪನ ಕಾಲದ ಕಬ್ಬು ತಗೊಳ್ಳಿ. ಕಬ್ಬಿಗೆ ಬೆಲೆ ಇಡುತ್ತಿದ್ದದ್ದು ದೆಹಲಿ. ಯಾವ ಊರಿನ ಕಬ್ಬು ಯಾವ ಕಾರ್ಖಾನೆಗೆ ಹೋಗಬೇಕು ಎಂದು ಮೀಸಲು ಮಾಡುತ್ತಿದ್ದದ್ದು ಸರ್ಕಾರ. ಕಡಿಯುವ ದಿನ ಹೇಳುತ್ತಿದ್ದದ್ದು ಕಾರ್ಖಾನೆ. ಪರ್ಮಿಟ್ ಬರುವ ತನಕ ಕಬ್ಬು ಗದ್ದೆಯಲ್ಲೇ ಒಣಗಬೇಕು, ಸೂಲಂಗಿ, ಅಂದರೆ ಹೂ, ಬಂದರೂ ಮುಟ್ಟುವಂತಿಲ್ಲ. ಹಾಗಂತ ಕಾರ್ಖಾನೆಯವರೇನು ರಾಜರಾಗಿರಲಿಲ್ಲ. ಹೊಸ ಕಾರ್ಖಾನೆ ಹಾಕಲು ಲೈಸೆನ್ಸ್ ಬೇಕು. ತಯಾರಾದ ಸಕ್ಕರೆಯಲ್ಲಿ ಒಂದು ಪಾಲನ್ನು ಲೆವಿ ಎಂದು ಕಡಿಮೆ ಬೆಲೆಗೆ ಪಡಿತರಕ್ಕೆ ಕೊಡಬೇಕು. 1990ರ ದಶಕದ ಹೆಚ್ಚಿನ ವರ್ಷಗಳಲ್ಲಿ ಅದು ನೂರಕ್ಕೆ 40 ಚೀಲ. ಉಳಿದದ್ದನ್ನಾದರೂ ಬೇಕಾದಾಗ ಮಾರಬಹುದಾ? ಅದೂ ಇಲ್ಲ. ಈ ತಿಂಗಳು ಇಷ್ಟು ಚೀಲ ಹೊರಗೆ ಬಿಡಿ ಎಂದು ದೆಹಲಿಯಿಂದ ಆದೇಶ ಬರಬೇಕು. ಯಂತ್ರದ ಗಾಣ ಹಾಕುವವನಿಗೂ ಲೈಸೆನ್ಸ್ ಬೇಕು ಎನ್ನುವ ಅಧಿಕಾರ 1966ರ ಕಬ್ಬು ನಿಯಂತ್ರಣ ಆದೇಶದಲ್ಲಿ ಸರ್ಕಾರಕ್ಕಿತ್ತು. ಹೆಸರಲ್ಲೇ ನಿಯಂತ್ರಣ ಇದೆ ನೋಡಿ.

ಇದನ್ನೆಲ್ಲ ಕೇಳಿ ಸರ್ಕಾರ ಕೈ ಹಾಕಿದ್ದೆಲ್ಲ ಕೆಟ್ಟಿತು ಎಂದು ಬರೆದುಕೊಳ್ಳಬೇಡಿ. ಹಾಗೆ ಹೇಳಲು ಮಂಡ್ಯದವನಿಗೆ ಬಾಯಿ ಬರುವುದಿಲ್ಲ. ಕನ್ನಂಬಾಡಿ ಕಟ್ಟಿದ್ದು ಸರ್ಕಾರ. ನಾಲೆ ತಂದದ್ದು ಸರ್ಕಾರ. ಆಗ ಇರ್ವಿನ್ ನಾಲೆ ಅನ್ನುತ್ತಿದ್ದರು, ಈಗಿನ ವಿಶ್ವೇಶ್ವರಯ್ಯ ನಾಲೆ. ನೀರು ಬಂದ ಮೇಲೆ ಬೆಳೆದ ಕಬ್ಬನ್ನು ಏನು ಮಾಡುವುದು? ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್ ಅದನ್ನು ಯೋಚಿಸಿದರು, ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. ಮಂಡ್ಯ ಜಿಲ್ಲೆಯಾಗಿದ್ದು ಆಮೇಲೆ, 1939ರಲ್ಲಿ. ಅಂದರೆ ನಮ್ಮ ಜಿಲ್ಲೆಗಿಂತ ನಮ್ಮ ಸಕ್ಕರೆ ದೊಡ್ಡದು, ಆರು ವರ್ಷಕ್ಕೆ! ಅಣೆಕಟ್ಟು, ನಾಲೆ, ಕಾರ್ಖಾನೆ ಒಂದರ ಹಿಂದೆ ಒಂದು ಬಂದವು. ಖಾಸಗಿ ಸಾಹುಕಾರನೊಬ್ಬ ಇಷ್ಟನ್ನು ಮಾಡುತ್ತಿದ್ದನಾ? ನನಗೆ ಅನುಮಾನ. ತಕರಾರು ಇರುವುದು ಕಟ್ಟಿದ ಸರ್ಕಾರದ ಮೇಲಲ್ಲ. ಕಟ್ಟಿದ ಮೇಲೆ ಪ್ರತಿ ಚೀಲದ ಹಿಂದೆ ಗುಮಾಸ್ತನನ್ನು ಕೂರಿಸಿದ ಸರ್ಕಾರದ ಮೇಲೆ.

ಆ ಗುಮಾಸ್ತಗಿರಿ ಪೇಟೆಯಲ್ಲಿ ಹೇಗಿತ್ತು ಎಂದು ಹೇಳಲು ಒಂದು ಸ್ಕೂಟರ್ ಕಥೆ. ನನ್ನ ಸೋದರಮಾವ ಸ್ಕೂಟರ್ ಬುಕ್ ಮಾಡಿದಾಗ ಅವರಿಗೆ ಮದುವೆಯಾಗಿರಲಿಲ್ಲ. ಗಾಡಿ ಬಂದಾಗ ಮಗಳು ಸ್ಕೂಲಿಗೆ ಹೋಗುತ್ತಿದ್ದಳು. ತಮಾಷೆ ಏನು ಗೊತ್ತಾ? ಅವರು ಅದನ್ನು ಓಡಿಸಲೇ ಇಲ್ಲ. ಶೋರೂಮಿನ ಬಾಗಿಲಲ್ಲೇ ಒಬ್ಬರು ಬಂದು, ಕೊಟ್ಟ ದುಡ್ಡಿನ ಮೇಲೆ ಇನ್ನಷ್ಟು ಕೊಟ್ಟು ತಗೊಂಡು ಹೋದರು. ಹೊಸ ಗಾಡಿಗಿಂತ ಕೈ ಬದಲಾದ ಗಾಡಿಗೆ ಬೆಲೆ ಜಾಸ್ತಿ! ಕಂಪನಿ ಎಷ್ಟು ಸ್ಕೂಟರ್ ಮಾಡಬಹುದು ಎಂದು ಲೈಸೆನ್ಸಿನಲ್ಲಿ ಬರೆದಿರುತ್ತಿತ್ತು. ಜಾಸ್ತಿ ಮಾಡಿದರೆ ತಪ್ಪು. ಬೆಲೆಯನ್ನು ಒಂದು ಕಡೆ ಒತ್ತಿ ಹಿಡಿದರೆ ಇನ್ನೊಂದು ಕಡೆ ಉಬ್ಬುತ್ತದೆ, ಹಿಟ್ಟಿನ ಉಂಡೆ ಹಾಗೆ. ಉಬ್ಬಿದ ಭಾಗ ನಮ್ಮ ಮಾವನ ಜೇಬಿಗೆ ಬಿತ್ತು. ಅವರೇನು ಬೇಜಾರು ಮಾಡಿಕೊಳ್ಳಲಿಲ್ಲ ಬಿಡಿ.

ಮೈಸೂರಿನ ಯಾದವಗಿರಿಯ ಜಾವಾ ಕಾರ್ಖಾನೆ ನಿಮ್ಮ ತಂದೆಯವರಿಗೆ ನೆನಪಿರುತ್ತದೆ. ಜಾವಾ, ಆಮೇಲೆ ಯೆಜ್ಡಿ. ಆ ಸದ್ದು ಕೇಳಿದರೆ ಯಾರ ಗಾಡಿ ಎಂದು ಊರವರು ಹೇಳಿಬಿಡುತ್ತಿದ್ದರು. 1996ರಲ್ಲಿ ಅದು ನಿಂತಿತು. 1991ರ ನೀತಿ ಅದನ್ನು ಕೊಂದಿತು ಎಂದು ಮೈಸೂರಿನಲ್ಲಿ ತುಂಬ ಜನ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಜಪಾನಿನ ಕಂಪನಿಗಳ ಜೊತೆ ಸೇರಿ 100 ಸಿಸಿ ಬೈಕು ಮಾಡಲು 1980ರ ದಶಕದಲ್ಲೇ ಬಿಟ್ಟಿದ್ದರು. ಲೀಟರಿಗೆ ಎರಡರಷ್ಟು ಓಡುವ ಗಾಡಿ ಆಗಲೇ ರಸ್ತೆಗೆ ಬಂದಿತ್ತು. ಹೊಗೆಯ ನಿಯಮವೂ ಬಿಗಿಯಾಯಿತು. ಬಾಗಿಲು ಒಂದೇ ದಿನ ತೆರೆಯಲಿಲ್ಲ, ಮೊದಲೇ ಸ್ವಲ್ಪ ಓರೆಯಾಗಿತ್ತು. ಗಾಳಿ ಮೊದಲು ತಟ್ಟಿದ್ದು ಬಾಗಿಲ ಪಕ್ಕ ಕೂತವರಿಗೆ.

ಇನ್ನು 1991. ಹಿಂದಿನ ವರ್ಷ ಆಗಸ್ಟಿನಲ್ಲಿ ಇರಾಕ್ ಕುವೈತಿನ ಮೇಲೆ ಬಿದ್ದಿತ್ತು. ಎಣ್ಣೆ ಬೆಲೆ ಏರಿತು. ಕೊಲ್ಲಿಯಿಂದ ನಮ್ಮವರು ಕಳಿಸುತ್ತಿದ್ದ ದುಡ್ಡಿಗೆ ಪೆಟ್ಟು ಬಿತ್ತು. ಅನಿವಾಸಿಗಳು ಇಟ್ಟಿದ್ದ ಠೇವಣಿ ವಾಪಸ್ ತೆಗೆಯತೊಡಗಿದರು. ಸರ್ಕಾರ ಮೊದಲಿಂದಲೂ ಆದಾಯಕ್ಕಿಂತ ಜಾಸ್ತಿ ಖರ್ಚು ಮಾಡಿ ಸಾಲದಲ್ಲಿತ್ತು. ಬೇಸಿಗೆ ಮುಗಿಯುವ ಹೊತ್ತಿಗೆ ದೇಶದ ಹತ್ತಿರ ಎರಡು ಮೂರು ವಾರದ ಆಮದಿಗೆ ಸಾಕಾಗುವಷ್ಟು ಡಾಲರ್ ಉಳಿದಿತ್ತು.

ಇಲ್ಲಿ ಕೂತಿರುವ ಹೆಂಗಸರಿಗೆ ಇದನ್ನು ವಿವರಿಸುವುದೇ ಬೇಡ. ದುಡ್ಡಿಲ್ಲದಾಗ ನಾವು ಏನು ಮಾಡುತ್ತೇವೆ? ಒಡವೆ ಗಿರವಿ ಇಡುತ್ತೇವೆ. ದೇಶವೂ ಅದನ್ನೇ ಮಾಡಿತು. ಮೇ ತಿಂಗಳಲ್ಲಿ, ಚಂದ್ರಶೇಖರ್ ಪ್ರಧಾನಿಯಾಗಿದ್ದಾಗ, 20 ಟನ್ ಚಿನ್ನ ಸ್ವಿಟ್ಜರ್ಲೆಂಡಿನ ಬ್ಯಾಂಕಿಗೆ ಹೋಯಿತು. ಜುಲೈನಲ್ಲಿ ಹತ್ತಿರ ಹತ್ತಿರ 47 ಟನ್ ವಿಮಾನದಲ್ಲಿ ಹೊರಟಿತು, ಬ್ಯಾಂಕ್ ಆಫ್ ಇಂಗ್ಲೆಂಡ್ ಮತ್ತು ಬ್ಯಾಂಕ್ ಆಫ್ ಜಪಾನಿನಿಂದ ಸಾಲ ಪಡೆಯಲು. ಅದರ ಮೇಲೆ ಸಿಕ್ಕಿದ್ದು ಸುಮಾರು 40 ಕೋಟಿ ಡಾಲರ್. ಈಗ ನಮ್ಮಲ್ಲಿರುವ ವಿದೇಶಿ ವಿನಿಮಯ 60,000 ಕೋಟಿ ಡಾಲರ್ ದಾಟಿದೆ. ಆಗಿನ ಅಭಾವ ಎಷ್ಟಿತ್ತು ಎಂದು ಇದರಲ್ಲೇ ಅಂದಾಜು ಮಾಡಿಕೊಳ್ಳಿ. ಗಿರವಿ ಇಟ್ಟದ್ದನ್ನು ಆ ವರ್ಷ ಮುಗಿಯುವುದರೊಳಗೆ ಬಿಡಿಸಿಕೊಂಡರು. ನಮ್ಮ ಮನೆಗಳಲ್ಲಿ ಇಷ್ಟು ಬೇಗ ಬಿಡಿಸಿದ ಉದಾಹರಣೆ ನನಗೆ ಗೊತ್ತಿಲ್ಲ.

ಜೂನ್ 21ಕ್ಕೆ ನರಸಿಂಹ ರಾವ್ ಪ್ರಧಾನಿ, ಮನಮೋಹನ್ ಸಿಂಗ್ ಹಣಕಾಸು ಮಂತ್ರಿ. ಜುಲೈ 1ಕ್ಕೆ ರೂಪಾಯಿ ಬೆಲೆ ಇಳಿಸಿದರು. ಜನ ಏನಂತಾರೆ ನೋಡೋಣ ಎಂದು ಮೊದಲು ಸ್ವಲ್ಪ. ಗಲಾಟೆ ಎದ್ದಿತು. ಎರಡನೇ ಸಲ ಇಳಿಸುವುದು ಬೇಡ, ನಿಲ್ಲಿಸಿ ಎಂದು ರಾವ್ ಹೇಳಿದರಂತೆ. ಮನಮೋಹನ್ ಸಿಂಗ್ ಜುಲೈ 3ರ ಬೆಳಗ್ಗೆ ರಿಸರ್ವ್ ಬ್ಯಾಂಕಿನ ಡೆಪ್ಯುಟಿ ಗವರ್ನರ್ ರಂಗರಾಜನ್ ಅವರಿಗೆ ಫೋನ್ ಮಾಡಿದರು. ಅಷ್ಟರಲ್ಲಿ ಅವರು ಎರಡನೇ ಸಲವೂ ಬೆಲೆ ಇಳಿಸಿ, ಹಾರಿ ಆಗಿತ್ತು. ಡಾಲರಿಗೆ 21 ರೂಪಾಯಿ ಇದ್ದದ್ದು 26ರ ಹತ್ತಿರ ಹೋಯಿತು. ಈ ರಂಗರಾಜನ್ ಹೆಸರು ನೆನಪಿಟ್ಟುಕೊಳ್ಳಿ. ಇಪ್ಪತ್ತು ವರ್ಷ ಆದ ಮೇಲೆ ಅವರು ನಮ್ಮ ಕಬ್ಬಿನ ಗದ್ದೆಗೆ ಬರುತ್ತಾರೆ.

ಜುಲೈ 24, ಬುಧವಾರ. ಎಲ್ಲರಿಗೂ ನೆನಪಿರುವುದು ಆ ದಿನ ಸಂಜೆಯ ಬಜೆಟ್. ಆದರೆ ನಿಜವಾದ ಬಾಂಬು ಅದಕ್ಕೆ ಮೊದಲೇ ಬಿದ್ದಿತ್ತು. ಕೈಗಾರಿಕೆ ಖಾತೆ ರಾವ್ ಕೈಯಲ್ಲೇ ಇತ್ತು. ಅವರು ಎದ್ದು ನಿಲ್ಲಲಿಲ್ಲ. ಅವರ ರಾಜ್ಯ ಸಚಿವರು ಹೊಸ ಕೈಗಾರಿಕಾ ನೀತಿಯನ್ನು ಸದನದಲ್ಲಿ ಇಟ್ಟರು. 18 ಉದ್ದಿಮೆ ಬಿಟ್ಟು ಉಳಿದ ಯಾವುದಕ್ಕೂ ಲೈಸೆನ್ಸ್ ಬೇಡ. ನಲವತ್ತು ವರ್ಷದ ವ್ಯವಸ್ಥೆ ಒಂದು ಕಾಗದದಲ್ಲಿ ಹೋಯಿತು. ಸಂಜೆ ಬಜೆಟ್ ಗದ್ದಲದಲ್ಲಿ ಪತ್ರಿಕೆಗಳಿಗೆ ಅದನ್ನು ಬಿಡಿಸಿ ನೋಡಲು ಪುರುಸೊತ್ತೂ ಸಿಗಲಿಲ್ಲ. ರಾವ್ ಎಂಥ ಚಾಣಾಕ್ಷ ಎಂಬುದಕ್ಕೆ ನಾನು ಯಾವಾಗಲೂ ಈ ಉದಾಹರಣೆ ಕೊಡುತ್ತೇನೆ.

ಆ 18ರಲ್ಲಿ ಉಳಿದುಕೊಂಡದ್ದು ಯಾವುದು ಗೊತ್ತಾ? ಕಾರು, ಸಿಗರೇಟು, ಆಲ್ಕೋಹಾಲು, ಅಪಾಯಕಾರಿ ರಾಸಾಯನಿಕ, ಸಿಡಿಮದ್ದು. ಜೊತೆಗೆ ಸಕ್ಕರೆ. ಸಿಡಿಮದ್ದಿನ ಪಕ್ಕದಲ್ಲಿ ನಮ್ಮ ಸಕ್ಕರೆ! ಕಾರು 1993ರಲ್ಲೇ ಹೊರಗೆ ಬಂತು. ಸಕ್ಕರೆಗೆ ಲೈಸೆನ್ಸ್ ಹೋಗಿದ್ದು 1998ರಲ್ಲಿ.

ಪೇಟೆಯ ಕಡೆ ಬೆಲೆ ಹೇಳುವವರು ಎಷ್ಟು ಬೇಗ ಬದಲಾದರು ನೋಡಿ. ಮೊದಲು ಒಂದು ಕಂಪನಿ ತನ್ನ ಷೇರು ಮಾರಬೇಕಾದರೆ ಎಷ್ಟಕ್ಕೆ ಮಾರಬೇಕು ಎಂದು ದೆಹಲಿಯ ಒಬ್ಬ ಅಧಿಕಾರಿ ಹೇಳುತ್ತಿದ್ದರು. ನಗಬೇಡಿ, ಅದಕ್ಕೆ ಕಚೇರಿಯೇ ಇತ್ತು, ಬಂಡವಾಳ ನೀಡಿಕೆ ನಿಯಂತ್ರಕರ ಕಚೇರಿ. 1992ರಲ್ಲಿ ಅದನ್ನು ಮುಚ್ಚಿದರು. ಮರುವರ್ಷ ಇನ್ಫೋಸಿಸ್ ತನ್ನ 10 ರೂಪಾಯಿ ಮುಖಬೆಲೆಯ ಷೇರನ್ನು 95 ರೂಪಾಯಿಗೆ ಮಾರಿತು. ಆ ಬೆಲೆ ಕಂಪನಿಯೇ ಇಟ್ಟದ್ದು. ಕೊಳ್ಳುವವರು ಮೊದಲು ಮುಖ ತಿರುಗಿಸಿದರು, ಅದು ಬೇರೆ ಮಾತು. ಬೆಲೆ ತಪ್ಪಾಗಿದ್ದರೆ ನಷ್ಟವೂ ಅವರದೇ ಆಗುತ್ತಿತ್ತು. ಹೇಳಿದವನದೇ ನಷ್ಟ, ಹೇಳಿದವನದೇ ಲಾಭ. ಈಗ ಮೈಸೂರಿನ ಹೆಬ್ಬಾಳದ ಕಡೆ ಹೋದರೆ ಆ ಲಾಭದ ಒಂದು ತುಂಡು ಕ್ಯಾಂಪಸ್ ಆಗಿ ಕಾಣುತ್ತದೆ. ನಮ್ಮ ಊರಿನ ಎಷ್ಟೋ ಮಕ್ಕಳು ಅಲ್ಲಿ ಟ್ರೈನಿಂಗ್ ಮುಗಿಸಿ ಹೋಗಿದ್ದಾರೆ. ಸುಧಾರಣೆಯಿಂದ ಏನೂ ಆಗಲಿಲ್ಲ ಎಂದು ನಾನಂತೂ ಹೇಳುವುದಿಲ್ಲ.

ಹಳ್ಳಿಯ ಕಡೆ ಬಾಗಿಲು ತೆರೆದ ರೀತಿ ಬೇರೆ. ಅದೇ 1991ರ ಬಜೆಟ್ಟಿನಲ್ಲಿ ಗೊಬ್ಬರದ ಬೆಲೆ ಶೇಕಡಾ 40 ಏರಿಸಿದರು. ಅವರ ಪಕ್ಷದವರೇ ತಿರುಗಿಬಿದ್ದರು. ಎರಡು ವಾರದಲ್ಲಿ 30ಕ್ಕೆ ಇಳಿಸಿ, ಸಣ್ಣ ರೈತರಿಗೆ ಏರಿಕೆ ಇಲ್ಲ ಎಂದರು. ಸಣ್ಣ ರೈತ ಯಾರು ಎಂದು ಗೊಬ್ಬರದ ಅಂಗಡಿಯವನು ಮುಖ ನೋಡಿ ಹೇಳಬೇಕಿತ್ತು, ಪಾಪ. ಮರುವರ್ಷ ಆಗಸ್ಟಿನಲ್ಲಿ ಇನ್ನೊಂದು ಹೆಜ್ಜೆ. ರಂಜಕ, ಪೊಟ್ಯಾಷ್ ಗೊಬ್ಬರಗಳ ಬೆಲೆ ನಿಯಂತ್ರಣ ತೆಗೆದರು. ಸಾರಜನಕ ಕೊಡುವ ಯೂರಿಯಾದ್ದು ತೆಗೆಯಲಿಲ್ಲ. ತೆಗೆಯದಿದ್ದರೆ ಹೋಗಲಿ, ಅದರ ಬೆಲೆಯನ್ನು ಶೇಕಡಾ 10 ಇಳಿಸಿದರು.

ಏನಾಗಬೇಕೋ ಅದೇ ಆಯಿತು. ರಂಜಕ ಕೊಡುವ ಡಿಎಪಿ ಚೀಲದ ಬೆಲೆ ಮೇಲೆ ಹೋಯಿತು, ಯೂರಿಯಾ ಕೆಳಗೆ ಬಂತು. ರೈತ ಯಾವುದು ಹಾಕುತ್ತಾನೆ? ಸಾರಜನಕ, ರಂಜಕ, ಪೊಟ್ಯಾಷ್ ಇವು 4:2:1ರ ಲೆಕ್ಕದಲ್ಲಿ ಇರಬೇಕು ಎಂದು ಕೃಷಿಯವರು ಹೇಳುತ್ತಾರೆ. ದೇಶದಲ್ಲಿ 1991–92ರಲ್ಲಿ ಪೊಟ್ಯಾಷ್ ಒಂದು ಪಾಲಿಗೆ ಸಾರಜನಕ 5.9 ಪಾಲು ಇತ್ತು. ಒಂದೇ ವರ್ಷದಲ್ಲಿ 9.5ಕ್ಕೆ ಹಾರಿತು. ಮಣ್ಣಿಗೆ ಈ ಲೆಕ್ಕ ಹೇಳಿಕೊಟ್ಟವರು ರೈತರಲ್ಲ, ಅರ್ಧ ತೆರೆದ ಬಾಗಿಲು. ಈಗಲೂ ಹಾಗೇ ಇದೆ. ಯೂರಿಯಾ 45 ಕೆಜಿ ಚೀಲಕ್ಕೆ ತೆರಿಗೆ, ಬೇವಿನ ಲೇಪ ಬಿಟ್ಟು 242 ರೂಪಾಯಿ. ಡಿಎಪಿ 50 ಕೆಜಿಗೆ 1,350. ಮೊದಲು ಯೂರಿಯಾ ಚೀಲವೂ 50 ಕೆಜಿ ಇತ್ತು. ರೈತರು ಕೆಜಿ ಎಣಿಸುವುದಿಲ್ಲ, ಚೀಲ ಎಣಿಸುತ್ತಾರೆ, ಚೀಲ ಚಿಕ್ಕದು ಮಾಡಿದರೆ ಕಡಿಮೆ ಹಾಕುತ್ತಾರೆ ಎಂದು 2018ರಲ್ಲಿ 45 ಮಾಡಿದರು. ಬೆಲೆ ಮುಟ್ಟಲು ಧೈರ್ಯ ಇಲ್ಲದವರು ಚೀಲ ಮುಟ್ಟಿದರು.

ಈಗ ಕಬ್ಬಿಗೆ ಬರೋಣ. 2012ರಲ್ಲಿ ಸಕ್ಕರೆ ನಿಯಂತ್ರಣ ತೆಗೆಯುವ ಬಗ್ಗೆ ಒಂದು ಸಮಿತಿ ವರದಿ ಕೊಟ್ಟಿತು. ಅದರ ಅಧ್ಯಕ್ಷರು ಅದೇ ಸಿ. ರಂಗರಾಜನ್. ಲೆವಿ ತೆಗೆಯಿರಿ. ತಿಂಗಳ ಬಿಡುಗಡೆ ಆದೇಶ ತೆಗೆಯಿರಿ. ಮೀಸಲು ಪ್ರದೇಶ ತೆಗೆಯಿರಿ. ಎರಡು ಕಾರ್ಖಾನೆಗಳ ನಡುವೆ ಇಷ್ಟು ದೂರ ಇರಬೇಕು ಎಂಬ ನಿಯಮ ತೆಗೆಯಿರಿ. ಕಬ್ಬಿನ ಬೆಲೆಯನ್ನು ಸಕ್ಕರೆ ಮತ್ತು ಅದರ ಜೊತೆ ಬರುವ ಕಾಕಂಬಿ, ಕಬ್ಬಿನ ಸಿಪ್ಪೆ ಎಲ್ಲದರ ಆದಾಯದ ಜೊತೆ ಕಟ್ಟಿ, ನೂರಕ್ಕೆ 70 ರೈತನಿಗೆ ಹೋಗಲಿ. ಇಷ್ಟು ಅದರ ಸಾರ. 2013ರ ಏಪ್ರಿಲಿನಲ್ಲಿ ಕೇಂದ್ರ ಮೊದಲ ಎರಡನ್ನು ಒಪ್ಪಿತು. ಉಳಿದದ್ದನ್ನು ರಾಜ್ಯಗಳು ನೋಡಿಕೊಳ್ಳಲಿ ಎಂದಿತು. 1991ರಲ್ಲಿ ಫೋನ್ ಬರುವಷ್ಟರಲ್ಲಿ ಹಾರಿದ್ದವರು ಈ ಸಲ ದಡದಲ್ಲೇ ನಿಲ್ಲಬೇಕಾಯಿತು, ಯಾಕೆಂದರೆ ಇದು ಒಬ್ಬರು ಹಾರಿ ಮುಗಿಸುವ ಕೆಲಸ ಅಲ್ಲ. ಕರ್ನಾಟಕ ಅದೇ ವರ್ಷ ಕಬ್ಬಿನ ಕಾಯಿದೆ ಮಾಡಿ ಆದಾಯ ಹಂಚಿಕೆ ತಂದಿತು. ಒಳ್ಳೆಯ ಕೆಲಸವೇ.

ಆದರೆ ಮೊದಲ ಎರಡು ಯಾರಿಗೆ ಸೇರಿದ್ದು ಗಮನಿಸಿ. ಲೆವಿ ಹೋದದ್ದು ಕಾರ್ಖಾನೆಗೆ ಬಿಡುಗಡೆ. ಮಾರುವ ಸ್ವಾತಂತ್ರ್ಯವೂ ಕಾರ್ಖಾನೆಗೆ. ಗದ್ದೆಯಲ್ಲಿ ನಿಂತವನಿಗೆ ಕೊಳ್ಳುವವನು ಹೆಚ್ಚು ಕಡಿಮೆ ಒಬ್ಬನೇ, ಬೆಲೆ ಹೇಳುವುದು ದೆಹಲಿಯೇ.

ದೆಹಲಿ ಹೇಳುವ ಆ ಬೆಲೆಗೆ ಈಗ ಎಫ್‌ಆರ್‌ಪಿ, ಅಂದರೆ ನ್ಯಾಯಯುತ ಮತ್ತು ಲಾಭದಾಯಕ ಬೆಲೆ ಎಂದು ಹೆಸರು. ಇದರಲ್ಲಿ ಒಂದು ಕೈಚಳಕ ಇದೆ, ಸ್ವಲ್ಪ ನಿಧಾನ ಹೇಳುತ್ತೇನೆ. 2017–18ರಲ್ಲಿ ಟನ್ನಿಗೆ 2,550 ರೂಪಾಯಿ ಇತ್ತು. ಮರುವರ್ಷ 2,750 ಎಂದು ಘೋಷಿಸಿದರು. ಇನ್ನೂರು ರೂಪಾಯಿ ಏರಿಕೆ, ಪೇಪರಿನಲ್ಲಿ ದೊಡ್ಡ ಸುದ್ದಿ. ಆದರೆ ಹಳೇ ಬೆಲೆ ಶೇಕಡಾ 9.5 ರಿಕವರಿಗೆ, ಹೊಸ ಬೆಲೆ ಶೇಕಡಾ 10ಕ್ಕೆ. ರಿಕವರಿ ಅಂದರೆ ನೂರು ಕೆಜಿ ಕಬ್ಬಿನಿಂದ ಎಷ್ಟು ಕೆಜಿ ಸಕ್ಕರೆ ಬಂತು ಎನ್ನುವುದು. ಬೆಲೆ ಏರಿಸುವಾಗ ಅಳೆಯುವ ಸೇರನ್ನೂ ದೊಡ್ಡದು ಮಾಡಿದರು! ರಿಕವರಿ 9.5ರ ಕೆಳಗಿದ್ದವರಿಗೆ ಆ ವರ್ಷ ಸಿಗಬೇಕಾದದ್ದು 2,612 ರೂಪಾಯಿ 50 ಪೈಸೆ. ಅಂದರೆ ಏರಿದ್ದು ಇನ್ನೂರಲ್ಲ, ಅರವತ್ತೆರಡೂವರೆ. ನಮ್ಮ ಕಡೆ ರಿಕವರಿ ಬೆಳಗಾವಿ ಕಡೆಗಿಂತ ಕಡಿಮೆ ಎಂದು ನಿಮಗೇ ಗೊತ್ತು. 2022ರಲ್ಲಿ ಸೇರು ಮತ್ತೆ ದೊಡ್ಡದಾಗಿ 10.25 ಆಯಿತು. 2024–25ರಲ್ಲಿ 3,400 ಎಂದರಲ್ಲ, ಅದು 10.25 ಇದ್ದವರಿಗೆ. 9.5ರ ಕೆಳಗಿನವರಿಗೆ 3,151. ಅದೂ ಕಾರ್ಖಾನೆ ಬಾಗಿಲಲ್ಲಿ. ಕಡಿದ ಕೂಲಿ, ಸಾಗಿಸಿದ ಬಾಡಿಗೆ ಅದರಲ್ಲೇ ಕಳೆಯಬೇಕು.

ಸರಿ, ಆ ಬೆಲೆಯಾದರೂ ಬರುತ್ತದಾ? ಕಬ್ಬು ಕೊಟ್ಟ 14 ದಿನದಲ್ಲಿ ದುಡ್ಡು ಕೊಡಬೇಕು ಎಂದು ಅದೇ 1966ರ ಆದೇಶ ಹೇಳುತ್ತದೆ. ತಡವಾದರೆ ವರ್ಷಕ್ಕೆ ಶೇಕಡಾ 15 ಬಡ್ಡಿ. ಕಾನೂನು ಗಟ್ಟಿಯಾಗಿಯೇ ಇದೆ. ಆದರೆ ಸಕ್ಕರೆ ಬೆಲೆ ಪೇಟೆಯಲ್ಲಿ ಏರಿಳಿಯುತ್ತದೆ, ಕಬ್ಬಿನ ಬೆಲೆ ಕಾಗದದಲ್ಲಿ ನಿಂತಿರುತ್ತದೆ. ಬೆಳೆ ಚೆನ್ನಾಗಿ ಬಂದ ವರ್ಷ ಸಕ್ಕರೆ ಬೀಳುತ್ತದೆ. ಆಗ ನಡುವಿನ ಅಂತರ ಎಲ್ಲಿಗೆ ಹೋಗುತ್ತದೆ? ಕಾರ್ಖಾನೆಯವರು ಕಡಿಮೆ ಬೆಲೆ ಕೊಡುತ್ತೇವೆ ಅನ್ನುವಂತಿಲ್ಲ. ಹಾಗಾಗಿ ಆಮೇಲೆ ಕೊಡುತ್ತೇವೆ ಅನ್ನುತ್ತಾರೆ. ಬೆಲೆಯಲ್ಲಿ ಇಳಿಯಲಾಗದ ನಷ್ಟ ದಿನಗಳಾಗಿ ರೈತನ ಮನೆಗೆ ಬರುತ್ತದೆ. 2018ರ ಬೇಸಿಗೆಯಲ್ಲಿ ದೇಶದಲ್ಲಿ ಕಬ್ಬಿನ ಬಾಕಿ 20,000 ಕೋಟಿ ರೂಪಾಯಿ ದಾಟಿತು. ಆಗ ಸರ್ಕಾರ ಸಕ್ಕರೆಗೆ ಕೆಜಿಗೆ 29 ರೂಪಾಯಿ ಕನಿಷ್ಠ ಮಾರಾಟ ಬೆಲೆ ಕಟ್ಟಿತು, ಮರುವರ್ಷ 31 ಮಾಡಿತು. ಬಾಗಿಲು ತೆಗೆದು ಐದು ವರ್ಷಕ್ಕೆ ಕಿಟಕಿಯಿಂದ ಮತ್ತೆ ಒಳಗೆ ಬಂದರು ಅನ್ನಿ. 2015ರಲ್ಲಿ ಈ ಜಿಲ್ಲೆಯಲ್ಲಿ ರೈತರು ಜೀವ ಕಳೆದುಕೊಂಡ ಮನೆಗಳ ಕಥೆಯನ್ನು ಮಂಡ್ಯದಲ್ಲಿ ನಿಂತು ನಾನು ಹೇಳಬೇಕಿಲ್ಲ.

ಇಲ್ಲಿ ಹಿಂದೆ ಕೂತಿದ್ದ ಯಜಮಾನರೊಬ್ಬರು ಎದ್ದು ಕೇಳಿದರು: "ಅಲ್ಲ ಸಾ, ಹಂಗಾದ್ರೆ ಬೆಲೆ ಸರ್ಕಾರ ಹೇಳಾದೇ ಬ್ಯಾಡ ಅಂತೀರಾ? ಬುಟ್ಬುಟ್ರೆ ಫ್ಯಾಕ್ಟ್ರಿಯೋರು ನಮ್ಮನ್ನ ಉಳಿಸ್ತಾರಾ?"

ಉಳಿಸುವುದಿಲ್ಲ ಯಜಮಾನರೇ. ಒಬ್ಬನೇ ಕೊಳ್ಳುವವನು ಇರುವ ಕಡೆ ಬೆಲೆ ಬಿಟ್ಟುಬಿಡಿ ಅನ್ನುವುದು ಸುಧಾರಣೆ ಅಲ್ಲ, ಕೈ ಕಟ್ಟಿ ಕುಸ್ತಿಗೆ ಇಳಿಸಿದ ಹಾಗೆ. ಮೊದಲು ಕೊಳ್ಳುವವರು ಇಬ್ಬರು ಮೂವರಾಗಬೇಕು. ಬೆಲೆಯ ಮಾತು ಆಮೇಲೆ. ನಾವು ಮಾಡಿದ್ದು ಹಿಂದು ಮುಂದು.

ಇದಕ್ಕೆ ಸಾಕ್ಷಿ ಬೇಕೆಂದರೆ ದೆಹಲಿಗೆ ಹೋಗಬೇಡಿ, ಇಲ್ಲೇ ಪಕ್ಕದ ಆಲೆಮನೆಗೆ ಹೋಗಿ. ಅಲ್ಲಿ ಎಫ್‌ಆರ್‌ಪಿ ಇಲ್ಲ, 14 ದಿನದ ಕಾನೂನಿಲ್ಲ, 70 ಪಾಲಿಲ್ಲ. ಬೆಲ್ಲದ ರೇಟು ಮಂಡ್ಯದ ಎಪಿಎಂಸಿಯಲ್ಲಿ ದಿನಕ್ಕೊಂದು. ಟನ್ನಿಗೆ ಕಾರ್ಖಾನೆಗಿಂತ ಕಡಿಮೆ ಹೇಳುತ್ತಾರೆ. ಆದರೂ ಜನ ಕೊಡುತ್ತಾರೆ. ದಡ್ಡರಾ? ಲೆಕ್ಕ ಹಾಕೋಣ. ಕಾರ್ಖಾನೆಯಿಂದ 3,150 ಬರಬೇಕು, ಆರು ತಿಂಗಳು ಕಾಯಬೇಕು ಅಂದುಕೊಳ್ಳಿ. ಅಷ್ಟು ದಿನ ಮನೆ ನಡೆಸಲು ಕೈಸಾಲ. ನೂರಕ್ಕೆ ತಿಂಗಳಿಗೆ 3 ರೂಪಾಯಿ ಬಡ್ಡಿ, ನಮ್ಮ ಊರುಗಳಲ್ಲಿ ಇದು ದೊಡ್ಡ ಬಡ್ಡಿ ಏನಲ್ಲ. ಆರು ತಿಂಗಳಿಗೆ ನೂರಕ್ಕೆ 18. 3,150ರಲ್ಲಿ 567 ಹೋಯಿತು. ಉಳಿದದ್ದು 2,583. ಆಲೆಮನೆಯವನು ಈ ವಾರವೇ 2,600 ಎಣಿಸಿದರೆ ಯಾವುದು ಜಾಸ್ತಿ? ಅರ್ಥಶಾಸ್ತ್ರದ ಪುಸ್ತಕ ಓದದ ನಮ್ಮಪ್ಪ ಈ ಲೆಕ್ಕವನ್ನು ಬಾಯಲ್ಲೇ ಹಾಕುತ್ತಿದ್ದರು. ಒಂದು ಕಡೆ ಕಾನೂನಿದೆ, ಪೇಟೆ ಇಲ್ಲ. ಇನ್ನೊಂದು ಕಡೆ ಪೇಟೆ ಇದೆ, ಕಾನೂನಿಲ್ಲ. ಒಂದೇ ಊರಿನಲ್ಲಿ, ಒಂದೇ ಗದ್ದೆಯ ಕಬ್ಬಿಗೆ. ಈಗೀಗ ಆಲೆಮನೆ ಕೊಪ್ಪರಿಗೆ ಮುಂದೆ ಹಿಂದಿ ಕೇಳಿಸುತ್ತದೆ. ಉತ್ತರ ಪ್ರದೇಶದವರು ಬಂದು ಬೆಲ್ಲ ಎರೆಯುತ್ತಿದ್ದಾರೆ. ಅದೂ ಸುಧಾರಣೆಯ ಒಂದು ಕಥೆಯೇ, ಆದರೆ ಅದಕ್ಕೆ ಹೊರಟರೆ ಊಟದ ಹೊತ್ತು ಮೀರುತ್ತದೆ.

ಕಬ್ಬು ಕಡಿದ ಮೇಲೆ ಇಟ್ಟುಕೊಳ್ಳಲು ಆಗುವುದಿಲ್ಲ. ದಿನ ಕಳೆದಂತೆ ಸಿಹಿ ಇಳಿಯುತ್ತದೆ. ರೇಷ್ಮೆಗೂಡೂ ಹಾಗೇ. ಹತ್ತು ದಿನ ಇಟ್ಟರೆ ಚಿಟ್ಟೆ ಗೂಡು ಕೊರೆದು ಹೊರಗೆ ಬರುತ್ತದೆ, ಗೂಡು ಹಾಳು. ಕಾಯಲು ಆಗದವನಿಗೆ ಚೌಕಾಸಿ ಮಾಡುವ ಬಲ ಇಲ್ಲ. ಮಳವಳ್ಳಿ, ಮದ್ದೂರು ಕಡೆಯಿಂದ ಬಂದವರು 2011ನ್ನು ಮರೆತಿಲ್ಲ. ಆ ವರ್ಷದ ಕೇಂದ್ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇಕಡಾ 30ರಿಂದ 5ಕ್ಕೆ ಇಳಿಸಿದರು. ಒಂದೇ ದಿನ, ಒಂದೇ ಸಾಲು. ಚೀನಾದ ನೂಲು ಅಗ್ಗವಾಯಿತು, ರಾಮನಗರದ ಮಾರುಕಟ್ಟೆಯಲ್ಲಿ ಗೂಡಿನ ಬೆಲೆ ಕುಸಿಯಿತು. ನೇಕಾರರಿಗೆ ಅಗ್ಗದ ನೂಲು ಬೇಕಿತ್ತು, ನಿಜ. ನೇಕಾರನೂ ಬಡವನೇ. ಸುಂಕ ಇಳಿಸಿದ್ದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಹುಳ ಗೂಡು ಕಟ್ಟುವ ಚಂದ್ರಿಕೆಯಲ್ಲಿ ಇದ್ದಾಗ ಇಳಿಸಿದ್ದು ತಪ್ಪು. ಹಿಪ್ಪುನೇರಳೆ ತೋಟ ಅಂದರೆ ಹಲವು ವರ್ಷದ ಬೆಳೆ. ಐದು ವರ್ಷದಲ್ಲಿ ವರ್ಷಕ್ಕೆ ಐದೈದು ಇಳಿಸುತ್ತೇವೆ ಎಂದು ಮೊದಲೇ ಹೇಳಿದ್ದರೆ ರೈತ ಅದಕ್ಕೆ ತಕ್ಕ ಹಾಗೆ ಗಿಡ ಕೀಳುತ್ತಿದ್ದ, ಇಲ್ಲವೇ ತಳಿ ಬದಲಿಸುತ್ತಿದ್ದ. ಕಡೆಗೆ ಕೂಗಾಡಿದ ಮೇಲೆ 2013ರಲ್ಲಿ ಸುಂಕವನ್ನು 15ಕ್ಕೆ ಏರಿಸಿದರು. ಅಷ್ಟರಲ್ಲಿ ಗಿಡ ಕಿತ್ತವರು ಕಿತ್ತಿದ್ದರು.

ಮೈಸೂರಿನ ಊದುಬತ್ತಿಯನ್ನು ಇದರ ಪಕ್ಕದಲ್ಲಿ ಇಡಿ. ಊದುಬತ್ತಿಯನ್ನು ಸಣ್ಣ ಉದ್ದಿಮೆಗಳೇ ಮಾಡಬೇಕು ಎಂಬ ಮೀಸಲಾತಿ ಇತ್ತು. ಅಂಥ ಎಂಟುನೂರು ಚಿಲ್ಲರೆ ಸಾಮಾನುಗಳ ಪಟ್ಟಿಯನ್ನು ಕೊಂಚ ಕೊಂಚವೇ ಕರಗಿಸುತ್ತಾ ಬಂದು, ಕೊನೆಯ 20 ಸಾಮಾನುಗಳನ್ನು 2015ರಲ್ಲಿ ತೆಗೆದರು. ಆ ಕೊನೆಯ ಇಪ್ಪತ್ತರಲ್ಲಿ ಉಪ್ಪಿನಕಾಯಿ ಇತ್ತು, ಬೆಂಕಿಪೊಟ್ಟಣ ಇತ್ತು, ಊದುಬತ್ತಿಯೂ ಇತ್ತು. ಅವರಿಗೆ ಸಿಕ್ಕಷ್ಟು ಸಮಯದಲ್ಲಿ ಅರ್ಧ ನಮ್ಮ ರೇಷ್ಮೆಯವರಿಗೆ ಸಿಕ್ಕಿದ್ದರೆ ಸಾಕಿತ್ತು.

2020ರ ಮೂರು ಕೃಷಿ ಕಾಯಿದೆಗಳ ಬಗ್ಗೆ ಕೇಳುತ್ತೀರಿ, ಕೇಳದಿದ್ದರೂ ನಾನೇ ಹೇಳುತ್ತೇನೆ. ಎಪಿಎಂಸಿ ಹೊರಗೆ ಮಾರುವ ಅವಕಾಶ ಬೇಕು ಎಂದು ನಾನು ಮೊದಲಿಂದ ಹೇಳುತ್ತಾ ಬಂದವನು. ಆದರೂ ಆ ಕಾಯಿದೆಗಳು ಬಂದ ರೀತಿ ನನಗೆ ಸರಿ ಕಾಣಲಿಲ್ಲ. ಜೂನಿನಲ್ಲಿ ಸುಗ್ರೀವಾಜ್ಞೆ, ಸೆಪ್ಟೆಂಬರಿನಲ್ಲಿ ಕಾಯಿದೆ, ಮರುವರ್ಷ ನವೆಂಬರಿನಲ್ಲಿ ವಾಪಸ್. 1991ರ ಹಾಗೆ ಒಂದು ಬೆಳಗ್ಗೆ ಮುಗಿಸಿಬಿಡಬಹುದು ಅಂದುಕೊಂಡರು. ಲೈಸೆನ್ಸ್ ತೆಗೆಯಲು ಒಂದು ಸಹಿ ಸಾಕು, ಯಾಕೆಂದರೆ ಲೈಸೆನ್ಸ್ ಸರ್ಕಾರದ್ದೇ ಸೃಷ್ಟಿ. ಮಂಡಿಯ ಹಿಂದೆ ಇರುವ ಸಾಲ, ಪರಿಚಯ, ನಂಬಿಕೆ ಸರ್ಕಾರದ ಸೃಷ್ಟಿ ಅಲ್ಲ. ಅದು ಸಹಿಗೆ ಬಗ್ಗುವುದಿಲ್ಲ.

ರೈತ ಸರ್ಕಾರವನ್ನು ಯಾಕೆ ನಂಬಲಿಲ್ಲ ಎಂದು ಆಗ ತುಂಬ ಜನ ನನ್ನನ್ನು ಕೇಳಿದರು. ಸಕ್ಕರೆಯ ಇತ್ತೀಚಿನ ಕಥೆ ನೋಡಿ. ಪೆಟ್ರೋಲಿಗೆ ಬೆರೆಸುವ ಎಥೆನಾಲ್ ಮಾಡಿ, ಸಾಲ ಕೊಡುತ್ತೇವೆ, ಬೆಲೆ ಕೊಡುತ್ತೇವೆ ಎಂದು ಸರ್ಕಾರವೇ ಕಾರ್ಖಾನೆಗಳನ್ನು ಕರೆಯಿತು. ಕಬ್ಬಿನ ಬಾಕಿ ತೀರಲು ಅದರಿಂದ ನಿಜವಾಗಿ ಅನುಕೂಲ ಆಯಿತು. ಮಳೆ ಕೈಕೊಟ್ಟಿತು, ಸಕ್ಕರೆ ಏರಬಹುದು ಎನಿಸಿತು. 2023ರ ಡಿಸೆಂಬರಿನಲ್ಲಿ, ಕಬ್ಬು ಅರೆಯುವ ಹಂಗಾಮಿನ ನಡುವೆ, ಕಬ್ಬಿನ ರಸದಿಂದ ಎಥೆನಾಲ್ ಮಾಡಬೇಡಿ ಎಂದು ಆದೇಶ ಬಂತು. ಆಮೇಲೆ ಸ್ವಲ್ಪ ಸಡಿಲ ಮಾಡಿ, 2024ರ ಆಗಸ್ಟಿನಲ್ಲಿ ಪೂರ್ತಿ ತೆಗೆದರು. ಸಕ್ಕರೆ ರಫ್ತಿಗೂ 2022ರ ಜೂನಿನಿಂದ ಕಡಿವಾಣ. ಬೆಲೆ ಏರುವ ಸುಳಿವು ಸಿಕ್ಕರೆ ವಾರದಲ್ಲಿ ಆದೇಶ ಹೊರಡುತ್ತದೆ. ಬೆಲೆ ಬಿದ್ದಾಗ ಸಮಿತಿ ಕೂರುತ್ತದೆ. ಪೇಟೆಯ ಗ್ರಾಹಕನಿಗೂ ಹೊಟ್ಟೆ ಇದೆ, ಅದು ನನಗೆ ಗೊತ್ತು. ಆದರೆ ಅವನ ಹೊಟ್ಟೆಯ ಖರ್ಚನ್ನು ಬಜೆಟ್ಟಿನಲ್ಲಿ ಬರೆಯಬೇಕು, ರೈತನ ಬಿಲ್ಲಿನಲ್ಲಿ ಅಲ್ಲ.

ವಿದ್ಯಾರ್ಥಿಗಳಿಗೆ ಒಂದು ಕೆಲಸ ಹೇಳಿ ಕೂರುತ್ತೇನೆ. ಈ ವಾರ ಊರಿಗೆ ಹೋದಾಗ ಮನೆಯಲ್ಲಿರುವ ಕಬ್ಬಿನ ಬಿಲ್ಲು ಕೇಳಿ. ಮನೆಯಲ್ಲಿ ಕಬ್ಬಿಲ್ಲದಿದ್ದರೆ ಪಕ್ಕದ ಮನೆಯವರನ್ನು ಕೇಳಿ. ತೂಕದ ದಿನ ಬರೆದುಕೊಳ್ಳಿ. ಆಮೇಲೆ ಬ್ಯಾಂಕಿನ ಪಾಸ್‌ಬುಕ್ ತೆಗೆದು ದುಡ್ಡು ಬಿದ್ದ ದಿನ ಬರೆದುಕೊಳ್ಳಿ. ಮಧ್ಯದ ದಿನ ಎಣಿಸಿ, 14 ಕಳೆಯಿರಿ. ಉಳಿದ ದಿನಕ್ಕೆ ಶೇಕಡಾ 15ರ ಬಡ್ಡಿ ಎಷ್ಟಾಯಿತು ಎಂದು ಹಾಕಿ, ಆ ಬಡ್ಡಿ ಬಿಲ್ಲಿನಲ್ಲಿ ಎಲ್ಲಾದರೂ ಕಾಣುತ್ತದಾ ಹುಡುಕಿ.

ನಮ್ಮಪ್ಪನ ಕಂತೆಯನ್ನು ನಾನು ಪೂರ್ತಿ ಹುಡುಕಿದ್ದೇನೆ. ಕಡಿತದ ಕಾಲಂ ಇದೆ, ಸಾಗಣೆಯ ಕಾಲಂ ಇದೆ, ಸೊಸೈಟಿ ಸಾಲ ಹಿಡಿದುಕೊಂಡ ಕಾಲಂ ಇದೆ. ಬಡ್ಡಿಯ ಕಾಲಂ ಒಂದರಲ್ಲೂ ಇಲ್ಲ. ಕೊನೆಯ ಬಿಲ್ಲು 2014ರದ್ದು. ಅದರ ಹಿಂಬದಿಯಲ್ಲಿ ಪೆನ್ಸಿಲ್ ತಾರೀಕೂ ಇಲ್ಲ. ಆ ದುಡ್ಡು ಬಂದದ್ದು ಅಪ್ಪ ಹೋದ ಮೇಲೆ.